ನೂರು ಲಾಲ್‌ಬಾಗ್‌ಗಳ ಕಾಡು

ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೀನಿ. ಟೀವಿಯಲ್ಲಿ ಕೂತು ಮಾತಾಡೋರು ತಪ್ಪು ಒಪ್ಪಿಕೊಳ್ಳೋದು ಅಪರೂಪ ಅಂತ ನಿಮಗೂ ಗೊತ್ತು. ಆದರೆ ಈ ತಪ್ಪನ್ನು ನಾನು ಕ್ಯಾಮೆರಾ ಮುಂದೆಯೇ ಮಾಡಿದ್ದು. ಒಪ್ಪಿಕೊಳ್ಳೋದೂ ಇಲ್ಲೇ ಆಗಬೇಕು.

ಒಂದು ದಿನ ರಾತ್ರಿ ಚರ್ಚೆಯಲ್ಲಿ ಮಧ್ಯ ಕರ್ನಾಟಕದ ಪ್ರವಾಸೋದ್ಯಮದ ಮಾತು ಬಂತು. ನಾನು ಆವೇಶದಲ್ಲಿ ಹೇಳಿಬಿಟ್ಟೆ: “ಚಿತ್ರದುರ್ಗದ ಪಕ್ಕದಲ್ಲೇ ಜೋಗಿಮಟ್ಟಿ ಇದೆ. ಮಧ್ಯ ಕರ್ನಾಟಕದ ಊಟಿ ಅಂತಾರೆ ಅದನ್ನ. ಬೇರೆ ದೇಶದಲ್ಲಿ ಇದ್ದಿದ್ರೆ ರೋಪ್‌ವೇ ಹಾಕಿ, ತುದಿಯಲ್ಲಿ ಹೋಟೆಲು ಕಟ್ಟಿ, ಅದನ್ನೊಂದು ದೊಡ್ಡ ಪಾರ್ಕ್ ಮಾಡ್ತಿದ್ರು. ನಾವು ಗೇಟ್ ಹಾಕಿಕೊಂಡು ಕೂತಿದ್ದೀವಿ!” ಸ್ಟುಡಿಯೋದಲ್ಲಿದ್ದ ಅತಿಥಿಗಳೆಲ್ಲ ತಲೆ ಆಡಿಸಿದರು. ನನಗೂ ಒಳ್ಳೆ ಮಾತು ಆಡಿದೆ ಅನ್ನಿಸಿತು.

ಮರುದಿನ ಬೆಳಿಗ್ಗೆ ಫೋನು. ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು.

“ನಮಸ್ಕಾರ ಸಾರ್. ನಿನ್ನೆ ನಿಮ್ಮ ಕಾರ್ಯಕ್ರಮ ನೋಡಿದೆ. ತಾವು ಜೋಗಿಮಟ್ಟಿ ಹತ್ತಿದ್ದೀರಾ?”

“ಇಲ್ಲ ಮೇಷ್ಟ್ರೇ.”

“ಒಂದ್ಸಲ ಬನ್ನಿ. ನೋಡ್ಕೊಂಡು ಹೋಗಿ. ಆಮೇಲೆ ಹೋಟೆಲು ಕಟ್ಟಿಸುವಿರಂತೆ.”

ಬೈದಿದ್ದರೆ ವಾದ ಮಾಡಬಹುದಿತ್ತು. ಅವರು ಬೈಯಲಿಲ್ಲ. ಹೋಗಲೇಬೇಕಾಯಿತು.

ಬೆಟ್ಟ ಹತ್ತುವ ಮುಂಚೆ ಒಂದು ಲೆಕ್ಕ ಕೊಡ್ತೀನಿ, ಮನಸ್ಸಿನಲ್ಲಿಟ್ಟುಕೊಳ್ಳಿ. ಬೆಂಗಳೂರಿನ ಲಾಲ್‌ಬಾಗ್ 240 ಎಕರೆ. ಬೆಳಿಗ್ಗೆ ವಾಕಿಂಗ್ ಹೋದವರು ಒಂದು ಸುತ್ತು ಹಾಕಿ ಬಂದರೆ ‘ಉಸ್ಸಪ್ಪಾ’ ಅಂತ ಕೂರ್ತಾರೆ. ಜೋಗಿಮಟ್ಟಿ ವನ್ಯಜೀವಿ ಧಾಮ ಸುಮಾರು 100 ಚದರ ಕಿಲೋಮೀಟರ್. ಅಂದರೆ ನೂರು ಲಾಲ್‌ಬಾಗ್‌! ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳಿಗೆ ಹರಡಿಕೊಂಡ ಕಾಡು. ಅದರ ಒಂದು ತುದಿ ಜಿಲ್ಲಾ ಕೇಂದ್ರದ ಬೆನ್ನಿಗೇ ತಾಗಿದೆ. ಹತ್ತು ಕಿಲೋಮೀಟರ್ ಹೋದರೆ ಶಿಖರ. ಊರಿನ ಬಾಗಿಲಲ್ಲಿ ಇಷ್ಟು ದೊಡ್ಡ ಕಾಡು ಇಟ್ಟುಕೊಂಡ ಜಿಲ್ಲಾ ಕೇಂದ್ರಗಳು ನಮ್ಮಲ್ಲಿ ಎಷ್ಟಿವೆ ಹೇಳಿ?

ಹಾಗಾದರೆ ನಾನು ಹೇಳಿದ ‘ದೊಡ್ಡ ಪಾರ್ಕ್’ನಲ್ಲಿ ತಪ್ಪೇನಿತ್ತು? ಅದು ತಿಳಿಯಬೇಕಾದರೆ ಪಾರ್ಕ್ ಅನ್ನೋದು ಹೇಗೆ ಹುಟ್ಟುತ್ತೆ ಅಂತ ನೋಡಬೇಕು.

ಲಾಲ್‌ಬಾಗನ್ನೇ ತಗೊಳ್ಳಿ. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ ಅದು. ಮಗ ಟಿಪ್ಪು ಹೊರದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ. ಬ್ರಿಟಿಷರ ಕಾಲಕ್ಕೆ ಅದು ಸಸ್ಯೋದ್ಯಾನವಾಯಿತು. 1889ರಲ್ಲಿ ಗಾಜಿನ ಮನೆಗೆ ಅಡಿಗಲ್ಲು ಬಿತ್ತು. ಆಮೇಲೆ ಜರ್ಮನಿಯಿಂದ ಬಂದ ಕ್ರುಂಬಿಗಲ್, ಅವರ ನಂತರ ನಮ್ಮವರೇ ಆದ ಮರೀಗೌಡರು. ಒಬ್ಬೊಬ್ಬರೂ ಒಂದೊಂದು ಸೇರಿಸಿದರು. ಅಂದರೆ ಲಾಲ್‌ಬಾಗ್ ಮನುಷ್ಯ ಕೈಯಾರೆ ಮಾಡಿದ್ದು. ಪಾತಿ ತೆಗೆದು, ನೀರು ಹಾಯಿಸಿ, ಕತ್ತರಿ ಹಿಡಿದು ಮಾಡಿದ್ದು. ತೋಟಗಾರ ಒಂದು ತಿಂಗಳು ರಜೆ ಹಾಕಿದರೆ ಅದರ ಮುಖವೇ ಬದಲಾಗಿಬಿಡುತ್ತೆ.

ಇನ್ನು ಅಮೆರಿಕಕ್ಕೆ ಹೋಗಿ. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ 843 ಎಕರೆ. ಸಿನಿಮಾದಲ್ಲಿ ನೋಡಿದವರು ‘ನಗರದ ಮಧ್ಯೆ ಉಳಿದುಕೊಂಡ ಕಾಡು’ ಅಂದುಕೊಳ್ತಾರೆ. ಉಳಿದುಕೊಂಡಿದ್ದಲ್ಲ ಅದು, ಕಟ್ಟಿದ್ದು! 1858ರಲ್ಲಿ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ ಎಂಬ ಇಬ್ಬರ ನಕ್ಷೆ ಆಯ್ಕೆಯಾಯಿತು. ಬಂಡೆ ಸಿಡಿಸಿದರು, ಮಣ್ಣು ಹೊತ್ತು ತಂದರು, ಕೆರೆ ತೋಡಿದರು, ಲಕ್ಷಾಂತರ ಗಿಡ ನೆಟ್ಟರು. ಅದಕ್ಕೂ ಮುಂಚೆ ಅಲ್ಲಿ ಸೆನೆಕಾ ವಿಲೇಜ್ ಅಂತ ಒಂದು ಊರಿತ್ತು. ಮನೆ, ಚರ್ಚು, ಸ್ಮಶಾನ ಎಲ್ಲ ಇದ್ದ, ಹೆಚ್ಚಾಗಿ ಕಪ್ಪು ಜನರೇ ಇದ್ದ ಊರು. 1857ರಲ್ಲಿ ಅವರನ್ನು ಎಬ್ಬಿಸಿ ಕಳಿಸಿದರು. ಪಾರ್ಕಿನ ಚೆಂದದ ಹಿಂದೆ ಯಾರದೋ ಮನೆಯ ಒಲೆ ಆರಿರಬಹುದು. ಇದನ್ನೂ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತೆ.

ಅಂದರೆ ನಾವು ಪಾರ್ಕ್ ಅಂತ ಕರೆಯೋದೆಲ್ಲ ಏನಾದರೊಂದು ಮಾಡಿ ಆದದ್ದು. ಜೋಗಿಮಟ್ಟಿ ಹಾಗಲ್ಲ. ಅಲ್ಲಿ ಯಾರೂ ನಕ್ಷೆ ಬರೆದಿಲ್ಲ. ಹಾಗಂತ ಮನುಷ್ಯ ಅದರ ಕಡೆ ತಿರುಗಿಯೇ ನೋಡಿಲ್ಲ ಅಂತಲೂ ಅಲ್ಲ. ಈ ಗುಡ್ಡಗಳಿಗೂ ಮನುಷ್ಯನಿಗೂ ಇರುವ ಲೇವಾದೇವಿ ಬಹಳ ಹಳೇದು.

ಮೇಷ್ಟ್ರು ನನ್ನನ್ನು ಮೊದಲು ಜೋಗಿಮಟ್ಟಿಗೆ ಕರೆದುಕೊಂಡು ಹೋಗಲಿಲ್ಲ. ಚಂದ್ರವಳ್ಳಿಗೆ ಕರೆದುಕೊಂಡು ಹೋದರು. “ಮೊದಲು ದಾಖಲೆ ನೋಡಿ ಸಾರ್, ಆಮೇಲೆ ಕಾಡು” ಅಂದರು. ಅಲ್ಲಿ ಭೈರವೇಶ್ವರ ಗುಡಿಯ ಬಳಿ ಒಂದು ಬಂಡೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತ ಭಾಷೆಯಲ್ಲಿ ಮೂರೇ ಸಾಲು. ಕದಂಬರ ಮಯೂರಶರ್ಮನ ಶಾಸನ. ನಾಲ್ಕನೇ ಶತಮಾನದ್ದು. ಮಯೂರಶರ್ಮ ಅಂದ ಕೂಡಲೇ ನಮಗೆ ಕಂಚಿ, ಅವಮಾನ, ಕತ್ತಿ, ಡಾ. ರಾಜ್‌ಕುಮಾರ್ ಅವರ ಸಿನಿಮಾ ಎಲ್ಲ ಕಣ್ಣ ಮುಂದೆ ಬರುತ್ತೆ. ಆದರೆ ಈ ಬಂಡೆ ಹೇಳೋದೇನು ಗೊತ್ತಾ? ಈ ಕೆರೆಯನ್ನು ಮಾಡಿಸಿದವನು ಕದಂಬರ ಮಯೂರಶರ್ಮ ಅಂತ. ಅವನು ಗೆದ್ದವರ ಪಟ್ಟಿಯನ್ನು ಆ ಶಾಸನದಲ್ಲಿ ಹೇಗೆ ಓದಬೇಕು ಅನ್ನೋದರ ಬಗ್ಗೆ ವಿದ್ವಾಂಸರು ಇವತ್ತಿಗೂ ಜಗಳವಾಡ್ತಾರೆ. ಕೆರೆಯ ಬಗ್ಗೆ ಮಾತ್ರ ಯಾರಿಗೂ ತಕರಾರಿಲ್ಲ.

1929ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಇಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬಂದರು. ಶಾತವಾಹನರ ನಾಣ್ಯ, ರೋಮನ್ ನಾಣ್ಯ, ಮಡಕೆ ಚೂರುಗಳು ಸಿಕ್ಕವು. ಅಂದರೆ ಈ ಗುಡ್ಡಗಳ ಮಡಿಲಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಊರಿತ್ತು, ವ್ಯಾಪಾರ ಇತ್ತು. ಯಾಕೆ ಇಲ್ಲೇ? ನೀರು, ಸ್ವಾಮಿ! ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ ಅನ್ನೋ ಬಯಲುಸೀಮೆ ಇದು. ಇಲ್ಲಿ ಗುಡ್ಡ ಅಂದರೆ ಮೋಡಕ್ಕೆ ಅಡ್ಡ ನಿಲ್ಲುವ ಗೋಡೆ. ಗುಡ್ಡದ ಮೇಲೆ ಹುಲ್ಲೂ ಪೊದೆಯೂ ಇದ್ದರೆ ಬಿದ್ದ ನೀರು ನಿಧಾನಕ್ಕೆ ಇಳಿದು ಕೆರೆ ಸೇರುತ್ತೆ. ಬೋಳಾಗಿದ್ದರೆ ಕೆರೆಗೆ ಬರೋದು ನೀರಲ್ಲ, ಹೂಳು.

ಈ ಲೆಕ್ಕವನ್ನು ಚೆನ್ನಾಗಿ ಅರಿತವರು ದುರ್ಗದ ಪಾಳೆಯಗಾರರು. ಏಳು ಸುತ್ತಿನ ಕೋಟೆ ಅಂತ ನಾವು ಗೋಡೆ ಎಣಿಸ್ತೀವಿ, ಓಬವ್ವನ ಕಿಂಡಿ ನೋಡ್ತೀವಿ, ಸೆಲ್ಫಿ ತಗೊಂಡು ಇಳೀತೀವಿ. ನಾನೂ ಅಷ್ಟೇ ಮಾಡಿದ್ದೆ. ಮೇಷ್ಟ್ರು ನೀರು ತೋರಿಸಿದರು. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಅಕ್ಕತಂಗಿಯರ ಹೊಂಡ. ಅಲ್ಲಿಂದ ಸಿಹಿನೀರು ಹೊಂಡ. ಕೊನೆಗೆ ಊರೊಳಗಿನ ಸಂತೆ ಹೊಂಡ. ಒಂದರ ಕೋಡಿ ಇನ್ನೊಂದಕ್ಕೆ ಆಹಾರ. ಮೇಲಿನ ಬಂಡೆಯ ಮೇಲೆ ಬಿದ್ದ ಮಳೆ ಕೆಳಗಿನ ಊರಿನವರ ಕೊಡ ತುಂಬುವ ಏರ್ಪಾಡು. ಜೋಗಿಮಟ್ಟಿ ಕಡೆಗೆ ಹೋಗುವ ದಾರಿಯ ಕೆರೆಗೆ ಇವತ್ತಿಗೂ ತಿಮ್ಮಣ್ಣನಾಯಕನ ಕೆರೆ ಅಂತಲೇ ಹೆಸರು. 1779ರಲ್ಲಿ ಹೈದರಾಲಿ ದುರ್ಗ ಗೆದ್ದ. ನಾಯಕರ ಆಳ್ವಿಕೆ ಮುಗಿಯಿತು. ಹೊಂಡಗಳು ಉಳಿದವು. ಮೇಲಿನ ಜಾಗ ಹಾಳುಮಾಡಿ ಕೆಳಗೆ ನೀರು ಕೇಳಬಾರದು ಅನ್ನೋದು ಆ ನಾಯಕರಿಗೆ ತಿಳಿದಿತ್ತು.

ಮಧ್ಯಾಹ್ನದ ಮೇಲೆ ಗುಡ್ಡ ಹತ್ತಿದೆವು. ಗೇಟಿನಲ್ಲಿ ಹೆಸರು ಬರೆಸಿ, ಚೀಲ ತೋರಿಸಿ, ಒಳಗೆ. ಅಂಕುಡೊಂಕು ರಸ್ತೆ. ಎರಡೂ ಕಡೆ ದಿಂಡಿಗ, ಜಾಲಿ, ಕಾರೆ, ಸೀತಾಫಲ. ಮಲೆನಾಡು ನೋಡಿ ಬಂದ ಕಣ್ಣಿಗೆ ಇದು ಕಾಡು ಅಂತಲೇ ಅನ್ನಿಸಲ್ಲ. ಮರ ಕುಳ್ಳ, ಪೊದೆ ಮುಳ್ಳು, ನಡುವೆ ಉದ್ದಕ್ಕೂ ಹುಲ್ಲು. ನಾನು ಬಾಯಿಬಿಟ್ಟು ಹೇಳಿಯೂಬಿಟ್ಟೆ: “ಮೇಷ್ಟ್ರೇ, ಇಲ್ಲಿ ಒಂದಷ್ಟು ಗಿಡ ನೆಡಬಹುದಿತ್ತಲ್ವಾ?”

ಅವರು ನಕ್ಕರು. “ಊಟಿಯಲ್ಲೂ ಹಂಗೇ ಅಂದ್ಕೊಂಡ್ರು ಸಾರ್.”

ಈ ಮಾತು ನನ್ನನ್ನು ಬಿಡಲಿಲ್ಲ. ಊಟಿಯ ಕತೆಯನ್ನು ವಾಪಸ್ ಬಂದ ಮೇಲೆ ಓದಿದೆ. 1820ರ ದಶಕದಲ್ಲಿ ಜಾನ್ ಸಲ್ಲಿವನ್ ಎಂಬ ಕಲೆಕ್ಟರ್ ಅಲ್ಲಿ ಮನೆ ಕಟ್ಟಿ, ಕೆರೆ ಮಾಡಿಸಿದ. 1848ರಲ್ಲಿ ಮ್ಯಾಕೈವರ್ ಎಂಬ ತೋಟಗಾರ ಬಂದು ಸಸ್ಯೋದ್ಯಾನ ಶುರು ಮಾಡಿದ. ಉದ್ಯಾನ ಚೆಂದವೇ, ಇಲ್ಲ ಅನ್ನಲ್ಲ. ಆದರೆ ನೀಲಗಿರಿಯ ನೆತ್ತಿಯ ಮೇಲೆ ಇದ್ದದ್ದು ಶೋಲಾ ಕಾಡು ಮತ್ತು ಹುಲ್ಲುಗಾವಲು. ಆ ಹುಲ್ಲುಗಾವಲನ್ನು ‘ಬರೀ ಖಾಲಿ ಜಾಗ’ ಅಂದುಕೊಂಡು ಆಸ್ಟ್ರೇಲಿಯಾದಿಂದ ತಂದ ನೀಲಗಿರಿ ಮರ, ವ್ಯಾಟಲ್ ಮರ ನೆಟ್ಟರು. ಮಳೆನೀರನ್ನು ಸ್ಪಂಜಿನ ಹಾಗೆ ಹಿಡಿದು ಹಳ್ಳಕ್ಕೆ ಬಿಡುತ್ತಿದ್ದ ಹುಲ್ಲು ಹೋಯಿತು. ಆಮೇಲೆ ಹೋಟೆಲು, ಲಾಡ್ಜು, ಕಾರು. 2024ರ ಮೇ ತಿಂಗಳಿಂದ ಊಟಿಗೆ, ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯ. ಮದ್ರಾಸ್ ಹೈಕೋರ್ಟೇ ಆದೇಶ ಮಾಡಬೇಕಾಯಿತು. ಈಗ ಹೇಳಿ, ‘ಮಧ್ಯ ಕರ್ನಾಟಕದ ಊಟಿ’ ಅನ್ನೋದು ಹೊಗಳಿಕೆಯಾ, ಎಚ್ಚರಿಕೆಯಾ?

ಶಿಖರ ತಲುಪಿದಾಗ ಗಾಳಿ. ಎಂಥ ಗಾಳಿ ಅಂದ್ರೆ ನನ್ನ ಕ್ಯಾಮೆರಾಮನ್ನಿಗೆ ಟ್ರೈಪಾಡ್ ನಿಲ್ಲಿಸೋಕೆ ಆಗಲಿಲ್ಲ, ಮೈಕ್‌ನಲ್ಲಿ ಗಾಳಿ ಬಿಟ್ಟು ಬೇರೆ ಏನೂ ದಾಖಲಾಗಲಿಲ್ಲ. ಸಮುದ್ರಮಟ್ಟದಿಂದ 3,803 ಅಡಿ. ಕೆಳಗೆ ದುರ್ಗ, ಕೋಟೆ, ಹೆದ್ದಾರಿ. ದೂರದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುತ್ತಾ ನಿಂತಿವೆ. ಇಲ್ಲೊಬ್ಬ ಜೋಗಿ ಇದ್ದ, ಅವನಿಂದಲೇ ಜೋಗಿಮಟ್ಟಿ ಅಂತ ಜನ ಹೇಳ್ತಾರೆ. ಮಟ್ಟಿ ಅಂದರೆ ದಿಬ್ಬ. ರಾಜನ ಹೆಸರಲ್ಲ, ಕಲೆಕ್ಟರ್ ಹೆಸರಲ್ಲ, ಏನೂ ಇಲ್ಲದವನೊಬ್ಬನ ಹೆಸರು ಬೆಟ್ಟಕ್ಕೆ ನಿಂತಿದೆ.

ಇಲ್ಲಿಂದ ಗುಡ್ಡಸಾಲು ಹಿರಿಯೂರು ಕಡೆಗೆ ಚಾಚಿಕೊಳ್ಳುತ್ತೆ. ಆ ಕಡೆ ಗುಡ್ಡಗಳ ನಡುವಿನ ಕಣಿವೆಯಲ್ಲಿ ವೇದಾವತಿಗೆ ಕಟ್ಟಿದ ಅಣೆಕಟ್ಟೇ ವಾಣಿವಿಲಾಸ ಸಾಗರ. ನಮ್ಮ ಜನರ ಬಾಯಲ್ಲಿ ಮಾರಿಕಣಿವೆ. 1907ಕ್ಕೆ ಕೆಲಸ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬೀಳೋಕೆ 2022ರ ಸೆಪ್ಟೆಂಬರ್ ಬರಬೇಕಾಯಿತು. 89 ವರ್ಷ! ಆವತ್ತು ಕೋಡಿ ನೋಡೋಕೆ ಜಾತ್ರೆಯ ಹಾಗೆ ಜನ ಸೇರಿದ್ದನ್ನು ನಾವೇ ತೋರಿಸಿದ್ವಿ. ಒಂದು ಕೋಡಿಗೆ ಮೂರು ತಲೆಮಾರು ಕಾಯುವ ಜಿಲ್ಲೆ ಇದು. ಇಲ್ಲಿ ಗುಡ್ಡದ ಮೇಲಿನ ಹುಲ್ಲು ಅಂದರೆ ಅಲಂಕಾರ ಅಲ್ಲ.

ಹಾಗಂತ ಈ ಗುಡ್ಡಗಳನ್ನು ನಾವು ಪೂಜೆ ಮಾಡಿಕೊಂಡು ಕಾಪಾಡಿದ್ದೇವೆ ಅಂತ ಭ್ರಮೆ ಬೇಡ. 1864ರಲ್ಲಿ ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾಯಿತು. 1900ರಲ್ಲಿ ಅರಣ್ಯ ಕಾಯ್ದೆ ಬಂತು. ಆಗಿನ ಕಾಲಕ್ಕೆ ಕಾಡು ಅಂದರೆ ಮುಖ್ಯವಾಗಿ ಮರಮುಟ್ಟು, ಶ್ರೀಗಂಧ, ಆದಾಯ. ಇದೇ ಗುಡ್ಡಗಳ ಮಗ್ಗುಲಿನ ಇಂಗಳದಾಳದಲ್ಲಿ ತಾಮ್ರದ ಗಣಿ ನಡೆಯಿತು. ಜಿಲ್ಲೆಯ ಬೇರೆ ಗುಡ್ಡಗಳಲ್ಲಿ ಕಬ್ಬಿಣ, ಮ್ಯಾಂಗನೀಸ್ ಅಗೆದರು. ಸೌದೆಗೆ ಕಡಿದರು, ಬೇಸಿಗೆಯಲ್ಲಿ ಬೆಂಕಿ ಬಿತ್ತು. ಆಮೇಲೆ ಗಾಳಿಗೂ ಬೆಲೆ ಬಂತು, ಗುಡ್ಡದ ನೆತ್ತಿಗೆ ರಸ್ತೆ ಕಡಿದು ಗಾಳಿಯಂತ್ರ ನಿಲ್ಲಿಸಿದರು. ಅವರಿಗೆ ಮರ, ಇವರಿಗೆ ಅದಿರು, ಇನ್ನೊಬ್ಬರಿಗೆ ಗಾಳಿ. ಮತ್ತೆ ನನ್ನಂಥವನು ಟೀವಿಯಲ್ಲಿ ಕೂತು ‘ವ್ಯೂ ಪಾಯಿಂಟ್’ ಕೇಳಿದ. ಎಲ್ಲರೂ ಗುಡ್ಡದಿಂದ ಏನೋ ಒಂದು ಇಳಿಸಿಕೊಂಡು ಹೋಗೋರೇ.

2015ರಲ್ಲಿ ಇದು ವನ್ಯಜೀವಿ ಧಾಮವಾಯಿತು. ಚಿರತೆ, ಕರಡಿ, ಚುಕ್ಕೆ ಜಿಂಕೆ, ಕೊಂಡುಕುರಿ, ನವಿಲು ಇರುವ ಜಾಗ. ಕೊಂಡುಕುರಿ ಅಂದರೆ ನಾಲ್ಕು ಕೊಂಬಿನ ಪುಟ್ಟ ಪ್ರಾಣಿ. ಜಗತ್ತಿನಲ್ಲಿ ಭಾರತ ಮತ್ತು ನೇಪಾಳ ಬಿಟ್ಟರೆ ಕಾಡಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೆ ದೊಡ್ಡ ಮರದ ಕಾಡು ಬೇಡ. ಇಂಥ ಒಣಕಾಡು, ಹುಲ್ಲು, ಪೊದೆಯೇ ಬೇಕು. ನಾನು ಗಿಡ ನೆಡಬೇಕು ಅಂದ ಜಾಗವೇ ಅದರ ಮನೆ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ನೂರು ಲಾಲ್‌ಬಾಗ್‌ನಷ್ಟು ದೊಡ್ಡ ಜಾಗವನ್ನು ನೋಡಿಕೊಳ್ಳೋದು ಹೇಗೆ? ಲಾಲ್‌ಬಾಗ್‌ನಲ್ಲಿ ತೋಟಗಾರ ಏನು ಮಾಡಿದ ಅನ್ನೋದು ಕಣ್ಣಿಗೆ ಕಾಣುತ್ತೆ. ಹೂವಿನ ಪ್ರದರ್ಶನಕ್ಕೆ ಟಿಕೆಟ್ ತಗೊಂಡು ಹೋಗಿ ನೋಡ್ತೀವಿ. ಕಾಡಿನಲ್ಲಿ ಒಳ್ಳೆ ಕೆಲಸ ಆದರೆ ಏನೂ ಕಾಣಲ್ಲ! ಬೇಸಿಗೆಗೆ ಮುಂಚೆ ಉದ್ದಕ್ಕೂ ಪಟ್ಟೆಯಾಗಿ ಹುಲ್ಲು ಸವರಿ ಬೆಂಕಿ ರೇಖೆ ಮಾಡ್ತಾರೆ. ಬೆಂಕಿ ಬೀಳಲಿಲ್ಲ ಅಂದರೆ ಆ ಕೆಲಸ ಆಗಿದೆ ಅಂತ ಅರ್ಥ. ಆದರೆ ಬೀಳದ ಬೆಂಕಿಯನ್ನು ನಾವು ಯಾವ ಬ್ರೇಕಿಂಗ್ ನ್ಯೂಸ್‌ನಲ್ಲಿ ತೋರಿಸೋಣ? ಲಂಟಾನದಂಥ ಕಳೆ ಹಬ್ಬದ ಹಾಗೆ ನೋಡಬೇಕು. ಬೇಸಿಗೆಯಲ್ಲಿ ಪ್ರಾಣಿಗಳ ನೀರಿನ ಗುಂಡಿ ಒಣಗದ ಹಾಗೆ ನೋಡಬೇಕು. ರಾತ್ರಿ ಶ್ರೀಗಂಧದ ಕಳ್ಳರನ್ನು ಕಾಯಬೇಕು. ಈ ಕೆಲಸ ಮಾಡೋರಲ್ಲಿ ಸಂಬಳ ಕಾಯಂ ಇಲ್ಲದ ವಾಚರ್‌ಗಳೂ ಇರ್ತಾರೆ. ನಾವು ಬಿಸಾಡಿ ಬಂದ ಬಾಟಲಿ ಹೆಕ್ಕೋರೂ ಅವರೇ. ನಾನು ಸ್ಟುಡಿಯೋದಲ್ಲಿ ‘ಗೇಟ್ ಹಾಕಿಕೊಂಡು ಕೂತಿದ್ದಾರೆ’ ಅಂತ ಲೇವಡಿ ಮಾಡಿದ್ದೆನಲ್ಲ, ಅದು ಇವರನ್ನೇ.

ಹಾಗಾದರೆ ಊರಿನ ಜನಕ್ಕೆ, ಮಕ್ಕಳಿಗೆ ಜಾಗ ಬೇಡವೇ? ಬೇಕು. ಅದಕ್ಕೆ ಉತ್ತರವೂ ಅಲ್ಲೇ ಇದೆ, ಬೆಟ್ಟದ ಬುಡದಲ್ಲಿ. ಆಡುಮಲ್ಲೇಶ್ವರದಲ್ಲಿ ಕಿರು ಮೃಗಾಲಯ ಇದೆ. ಭಾನುವಾರ ಹೋಗಿ ನೋಡಿ, ಹಳ್ಳಿಯಿಂದ ಬಂದ ಕುಟುಂಬಗಳು, ಬುತ್ತಿ ಬಿಚ್ಚಿ ಕೂತ ಅಜ್ಜಿಯರು, ಕರಡಿ ನೋಡಿ ಕಿರುಚುವ ಮಕ್ಕಳು. ಚಂದ್ರವಳ್ಳಿಯಲ್ಲಿ ಕೆರೆಯ ದಡ ಇದೆ. ಗದ್ದಲ ಮಾಡೋಕೆ ಬುಡದಲ್ಲಿ ಒಂದಿಷ್ಟು ಜಾಗ, ಮೇಲೆ ಸುಮ್ಮನೆ ಹೋಗಿ ಸುಮ್ಮನೆ ಬರುವ ದಾರಿ, ಮಿಕ್ಕಿದ್ದು ಕೊಂಡುಕುರಿಗೆ ಮತ್ತು ನೀರಿಗೆ. ಇದಕ್ಕಿಂತ ಒಳ್ಳೆ ಪಾರ್ಕಿನ ನಕ್ಷೆಯನ್ನು ಯಾವ ವಿದೇಶಿ ಕನ್ಸಲ್ಟೆಂಟ್ ಬರೆದುಕೊಡ್ತಾನೆ? ಈ ಗೆರೆಯನ್ನು ವರ್ಷ ವರ್ಷ ಮೇಲಕ್ಕೆ ಸರಿಸದೇ ಇರೋದೇ ನಿರ್ವಹಣೆ. ಇವತ್ತು ಒಂದು ಕ್ಯಾಂಟೀನು, ನಾಳೆ ಪಾರ್ಕಿಂಗು, ನಾಡಿದ್ದು ಕಾಟೇಜು. ಬೆಂಗಳೂರಿನ ಕಬ್ಬನ್ ಪಾರ್ಕ್ ಕರಗಿದ್ದು ಹೀಗೆಯೇ. 1870ರಲ್ಲಿ ಆದ ಪಾರ್ಕಿನೊಳಗೆ ಒಂದೊಂದೇ ಕಟ್ಟಡ ಎದ್ದವು. ಅದನ್ನು ಉಳಿಸೋಕೆ ಅಂತ 1975ರಲ್ಲಿ ಕಾನೂನೇ ಮಾಡಬೇಕಾಯಿತು.

ಆದರೆ ಸೆನೆಕಾ ವಿಲೇಜ್ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ? ಕಾಡಿನ ಅಂಚಿನ ಹಳ್ಳಿಗಳಲ್ಲಿ ಕುರಿ ಮೇಯಿಸೋರಿದ್ದಾರೆ. ಸೌದೆಗೆ, ಸೀತಾಫಲಕ್ಕೆ ಗುಡ್ಡ ಹತ್ತುತ್ತಿದ್ದ ಹೆಣ್ಣುಮಕ್ಕಳಿದ್ದಾರೆ. ಕಾಡು ಧಾಮವಾದಾಗ ನಗರದವನಿಗೆ ತಪ್ಪಿದ್ದು ಒಂದು ಪಿಕ್‌ನಿಕ್. ಅವರ ಕೊಟ್ಟಿಗೆಗೆ ಚಿರತೆ ನುಗ್ಗಿದರೆ ಹೋಗೋದು ಮಗಳ ಮದುವೆಗೆ ಅಂತ ಸಾಕಿದ ಕುರಿ. ಪರಿಹಾರದ ಅರ್ಜಿ ಹಿಡಿದು ಕಚೇರಿ ಅಲೆಯಬೇಕು. ಇದೇ ಜಿಲ್ಲೆಯ ಚಳ್ಳಕೆರೆಯಲ್ಲಿ ತಲೆತಲಾಂತರದಿಂದ ದನ, ಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳ ಪಾಲಾದಾಗ ಬೇಲಿಯ ಹೊರಗೆ ನಿಂತವರೂ ಇಂಥವರೇ. ಕಾಡಿನ ಬೆಲೆಯನ್ನು ಅವರೊಬ್ಬರ ಕೈಲೇ ಕಟ್ಟಿಸಬಾರದು. ನೀರು ಕುಡಿಯೋರು ನಾವೆಲ್ಲ. ಪರಿಹಾರ ಬೇಗ ಕೊಡಿ, ಕಾಯುವ ಕೆಲಸವನ್ನು ಆ ಹಳ್ಳಿಯ ಹುಡುಗರಿಗೇ ಕೊಡಿ, ಕಾಯಂ ಸಂಬಳ ಕೊಡಿ. ಇದನ್ನು ಕೇಳೋಕೆ ರೋಪ್‌ವೇ ಕೇಳಿದಷ್ಟೇ ದೊಡ್ಡ ಗಂಟಲು ನನಗಿದೆ. ಇಷ್ಟು ದಿನ ಬಳಸಿರಲಿಲ್ಲ, ಅಷ್ಟೇ.

ಸಂಜೆ ಇಳಿಯುವಾಗ ಗೇಟಿನಲ್ಲಿ ವಾಚರ್ ಒಬ್ಬರು ನಮ್ಮ ಗಾಡಿ ತಡೆದರು. ಹತ್ತುವಾಗ ಎಣಿಸಿ ಬರೆದುಕೊಂಡಿದ್ದ ನೀರಿನ ಬಾಟಲಿ ಮತ್ತೆ ಎಣಿಸಿದರು. ಒಂದು ಕಡಿಮೆ! ನಮ್ಮ ತಂಡದವರೇ ಯಾರೋ ಮೇಲೆ ಬಿಟ್ಟು ಬಂದಿದ್ದರು. ನಾನು ಮುಖ ತೋರಿಸಿ, “ಪರವಾಗಿಲ್ಲ ಬಿಡಿ” ಅನ್ನೋ ಹಾಗೆ ನಕ್ಕೆ. ಟೀವಿಯವನು ಅಂತ ಅವರಿಗೆ ಗುರುತು ಸಿಕ್ಕಿತ್ತು.

“ಗೊತ್ತು ಸಾರ್, ದಿನಾ ನೋಡ್ತೀವಿ ನಿಮ್ಮನ್ನ. ಆದ್ರೆ ಬಾಟ್ಲಿ ತಂದ್ಬಿಡಿ” ಅಂದರು.

ಮೇಷ್ಟ್ರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ನಾವು ಗಾಡಿ ತಿರುಗಿಸಿ ಮತ್ತೆ ಮೇಲೆ ಹೋದೆವು. ಬಾಟಲಿ ತಂದೆವು. ಆ ಗೇಟು ಅಲ್ಲಿ ಯಾಕಿದೆ ಅಂತ ನನಗೆ ಆವತ್ತು ಗೊತ್ತಾಯಿತು.

ರೋಪ್‌ವೇ ಬಗ್ಗೆ ಆಡಿದ ಮಾತನ್ನು ವಾಪಸ್ ತಗೊಂಡಿದ್ದೇನೆ.